ಒಂದು ಅಡ್ಡಗೆರೆ

ಗುರುವಾರ ಸಂಜೆ, ಯುರೋಪಿನ ಚರ್ಚೆ ಎಂದರೆ
ಡಬ್ಲಿನ್ನಿನ ಆ ಸಭೆಯಲ್ಲಿ ಉಳಿಯುತ್ತಿದ್ದದ್ದು ಐದೇ ಜನ:
ಪೀಠದಲ್ಲೊಬ್ಬರು, ಕಣ್ಣುಜ್ಜಿಕೊಳ್ಳುವ ಕಿರಿಯ ಮಂತ್ರಿ,
ರೈಲಿನ ವೇಳೆ ನೋಡಿಕೊಳ್ಳುವ ಯಾರೋ ಒಬ್ಬ ಸದಸ್ಯ,
ಕೆಳಗಿನ ಮೇಜಿನಲ್ಲಿ ಬರೆದುಕೊಳ್ಳುವ ನಾನು,
ಮತ್ತೆ ನಿಂತೇ ಇರುವ ಕೋಲ್ಮನ್ ಡೆವಾನಿ.

ಇಪ್ಪತ್ತಾರು ವರ್ಷ ಬರೆದುಕೊಂಡೆ ಆತನ ಮಾತು.
ಬೆಣ್ಣೆಯ ಗುಡ್ಡ, ಹಾಲಿನ ಮಿತಿ, ಬಂಗುಡೆಯ ಪಾಲು,
ಬಡ್ಡಿಯ ದರ, ಬಂದರಿನ ಹೂಳು.
"ಮೀನಿಗೆ ಗಡಿ ಗೊತ್ತಿಲ್ಲ, ಅಧ್ಯಕ್ಷರೇ,
ಬ್ರಸೆಲ್ಸಿಗೆ ಮೀನೇ ಗೊತ್ತಿಲ್ಲ."
ಆವರಣದೊಳಗೆ 'ನಗು' ಎಂದು ದಾಖಲಿಸಿದೆ.
ನಕ್ಕವಳು ನಾನೊಬ್ಬಳೇ.

ಮಾತಾಡುವಾಗ ಎಡಗೈಯಲ್ಲೊಂದು ನಾಣ್ಯ,
ಸಾಲ್ಮನ್ ಮೀನಿನ ಹಳೆಯ ಹತ್ತು ಪೆನ್ಸು.
ಅಂಕಿ ಬಂದಾಗಲೆಲ್ಲ ಮೇಜಿಗೆ ಟಕ್.
ಯೂರೋ ಬಂತು; ಆ ಮೀನಿಗೆ ಒಂದು ಬೆಂಕಿಪೊಟ್ಟಣ
ಕೊಡುವ ಅಂಗಡಿಯೂ ಉಳಿಯಲಿಲ್ಲ.
ಟಕ್ ಮಾತ್ರ ನಿಲ್ಲಲಿಲ್ಲ.
ಕಡತಕ್ಕೆ ಅದು ಸೇರುವಂತಿಲ್ಲ, ನಿಯಮ.
ಕೆಮ್ಮು ಸೇರದು, ಕುಡಿದ ನೀರು ಸೇರದು,
ಹುಡುಕಿ ಸಿಗದ ಪದಕ್ಕೆ ಮೇಲೆ ನೋಡಿದ್ದು ಸೇರದು.
ನನ್ನದು ಇಸ್ತ್ರಿಯವಳ ಕೆಲಸ:
ಬಟ್ಟೆ ಅವರದು, ಸುಕ್ಕು ತೆಗೆಯುವುದಷ್ಟೇ.

ಆಮೇಲೆ ಬ್ಯಾಂಕುಗಳು ಮುಳುಗಿದ ಚಳಿಗಾಲ.
ಹೊರಗೆ ಹಿಮ, ಒಳಗೆ ಕಾಲಿಡಲು ಜಾಗವಿಲ್ಲ.
ಒಂದೊಂದು ಒಪ್ಪಂದಕ್ಕೂ ಮನೆಮನೆಯ ಕದ ತಟ್ಟಿ
'ಹೌದು' ಕೇಳಿ ತಂದಿದ್ದವನು ಎದ್ದ.
"ಈ ಸಾಲ ನಮ್ಮದಲ್ಲ" ಎಂದ.
ಟಕ್ ಇಲ್ಲ.
"ಈ ಸಾಲ... ನಾವು... ಅಲ್ಲ, ನಾನು.
ಕೈ ಎತ್ತಿದ್ದೆ ಅವತ್ತು. ಗ್ಯಾರಂಟಿಗೆ.
ರಾತ್ರಿ ಎರಡಾಗಿತ್ತು. ಕಾಗದ ಪೂರ್ತಿ..."
ಗಂಟೆ ಬಾರಿಸಿದರು.

ನಾನು ಕಾವಲಿ ಬಿಸಿ ಮಾಡಿದಷ್ಟು ಸಲೀಸಾಗಿ ಬರೆದೆ:
'ಈ ಸಾಲಕ್ಕೆ ಸದನವೇ ಹೊಣೆಯೆಂದು ಭಾವಿಸುತ್ತೇನೆ.'
ಸಾಲ ಒಂದು ಸಾಲಾಯಿತು.
ಅಚ್ಚಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಮೂರು ಮಹಡಿ ಹತ್ತಿ ಬಂದ.
ಬರುತ್ತಾರೆ, ಎಲ್ಲರೂ ಬರುತ್ತಾರೆ:
ಒಬ್ಬನಿಗೆ 'ಕಳ್ಳ' ಎಂದದ್ದು 'ಮಿತ್ರ' ಆಗಬೇಕು,
ಇನ್ನೊಬ್ಬನಿಗೆ ಕೋಟಿಯ ಮುಂದೆ 'ಸುಮಾರು' ಬೇಕು.
ಈತ ಕುರ್ಚಿಯ ತುದಿಯಲ್ಲಿ ಕೂತ, ಟೋಪಿ ತೆಗೆದ,
ಕಿವಿ ಕೆಂಪಾಗಿತ್ತು ಚಳಿಗೆ.
"ನೋರೀನ್, ನಾನು ಇಷ್ಟು ಚೆನ್ನಾಗಿ ಮಾತಾಡಲಿಲ್ಲ.
ಅಲ್ಲಿ ತಡವರಿಸಿದ್ದೆ.
ಅದನ್ನು ನನಗೆ ವಾಪಸು ಕೊಡು."

ನಿಯಮದ ಪುಸ್ತಕ ಮೊದಲಿಂದ ಕೊನೆತನಕ ತಿರುವಿದೆ.
ವ್ಯಾಕರಣಕ್ಕೆ ಅಧ್ಯಾಯವಿದೆ, ಬೈಗುಳಕ್ಕಿದೆ,
ತಡವರಿಕೆಗೆ ಇಲ್ಲ.
ನನ್ನ ವಾಕ್ಯ ಹೊಡೆದುಹಾಕಿದೆ.
'ಈ ಸಾಲ' ಎಂದು ಬರೆದು, ಒಂದು ಅಡ್ಡಗೆರೆ ಎಳೆದು,
ಗೆರೆಯಾಚೆ 'ನಾನು' ಎಂದಿಟ್ಟೆ.

ಬಗ್ಗಿ ನೋಡಿದ. ಕನ್ನಡಕ ಸರಿಮಾಡಿಕೊಂಡು
ಹೆಬ್ಬೆರಳಲ್ಲಿ ಆ ಗೆರೆ ಅಳೆದ.
"ಇನ್ನೂ ಸ್ವಲ್ಪ ಉದ್ದ ಆಗದೇ?"
ಆಗದು ಡೆವಾನಿಯವರೇ, ಎಂದೆ,
ಅಚ್ಚಿನ ಮನೆಯಲ್ಲಿರುವುದು ಇದೇ ಒಂದು ಅಳತೆ.