ಔಟ್‌ಟರ್ನ್

ಸಿದ್ದಾಪುರದ ಮಾರ್ಕೆಟ್ ಹಿಂದೆ, ಗೋಣಿ ವಾಸನೆಯ ಗೋಡೌನಿನಲ್ಲಿ
ನನ್ನ ಕೆಲಸ ಇಷ್ಟೆ: ಚೀಲಕ್ಕೆ ಸಲಾಕೆ ಚುಚ್ಚಿ
ಒಂದು ಹಿಡಿ ಚೆರಿ ಹೊರಗೆಳೆದು, ಸಿಪ್ಪೆ ಬಿಡಿಸಿ,
ತೂಗಿ, ತೇವ ನೋಡಿ, ಚೀಟಿಯಲ್ಲಿ ಬರೆಯುವುದು
ಐವತ್ತು ಕಿಲೋದಲ್ಲಿ ಬೇಳೆ ಎಷ್ಟು, ಹೊಟ್ಟು ಎಷ್ಟು.
ಹದಿನೇಳು ವರ್ಷ. ಮಾತು ಕೇಳಿ ರೇಟು ಹಾಕಿದವಳಲ್ಲ.

ಮೊನ್ನೆ ಬೆಳಿಗ್ಗೆ ಆರೂಮುಕ್ಕಾಲಿಗೆ
ತೋಟದ ದಾರಿಯಲ್ಲಿ ಸಿಲ್ವರ್ ಮರದ ಮರೆಗೆ
ಉಸಿರು ಹಿಡಿದು ನಿಂತಿದ್ದೆ.
ಸಿಲ್ವರ್ ಸಪೂರ, ನಾನಲ್ಲ.
ಆಚೆ ಹಲಸಿನ ಬುಡದಲ್ಲಿ ಆನೆ. ಜೊತೆಗೆ ಮರಿ ಬೇರೆ.
ಎರಡೂ ರಸ್ತೆ ದಾಟಿ, ಬೇಲಿ ಮುರಿದು,
ಕೆರೆ ಕಡೆ ಇಳಿದು ಹೋದ ಮೇಲೆ
ಟಿಣ್ ಅಂತು ನನ್ನ ಐದು ವರ್ಷದ ಫೋನು:
"ಆನೆ ಇದೆ. ಈ ದಾರಿಯಲ್ಲಿ ಬರಬೇಡಿ."
ಗುಂಪಿಗೆ ಅದನ್ನು ಹಾಕಿ ನಲವತ್ತು ನಿಮಿಷ ಆಗಿತ್ತು.

ಸರಿ, ಹೊಸದು ತಗೊಳ್ಳೋಣ. ಆದರೆ ಸ್ಯಾಂಪಲ್ ನೋಡದೆ ಹೇಗೆ?
ಅಂಗಡಿಯವನ ಬಾಯಲ್ಲಿ ಎಲ್ಲವೂ ಬೇಳೆ, ಹೊಟ್ಟೇ ಇಲ್ಲ.
ಹಾಗಾಗಿ ಇಟ್ಟುಕೊಂಡವರನ್ನೇ ಚುಚ್ಚಿ ನೋಡಿದೆ.

ಲಾರಿ ಮೊಯ್ದು ಅದೇ ಮಾಡೆಲ್ ತೆಗೆದು ಮೂರು ತಿಂಗಳು.
"ಫೋಟೋ ಹೇಗೆ ಅಂದ್ರೆ ಅಕ್ಕಾ, ನನ್ನ ಮುಖದಲ್ಲಿ ಇಲ್ಲದ ಹೊಳಪು!
ಚೆಕ್‌ಪೋಸ್ಟಿನ ಪೊಲೀಸಿಗೇ ಗುರುತು ಸಿಗಲಿಲ್ಲ."
ಮಾಕುಟ್ಟ ಘಾಟಿಯಲ್ಲಿ ಸಿಗ್ನಲ್ ಹೇಗೆ, ಅಂದೆ.
ಬಗ್ಗಿ ಟೈರು ತಟ್ಟಿ ನೋಡಿದ.
ಗಾಳಿ ಸರಿ ಇತ್ತು.

"ದುಡ್ಡಿಗೆ ಮೋಸ ಇಲ್ಲ" ಅಂದರು ಅಮ್ಮತ್ತಿಯ ಬೊಳ್ಳಮ್ಮ, ಗಟ್ಟಿಯಾಗಿ.
ಆಮೇಲೆ ದನಿ ತಗ್ಗಿಸಿ,
"ಕರೆ ಬಂದರೆ ಯಾವ ಕಡೆಗೆ ಎಳೆಯೋದು ಮಾರಾಯ್ತಿ,
ಮೇಲಕ್ಕೋ, ಪಕ್ಕಕ್ಕೋ?"

ಹಾಕಿ ಕೋಚ್ ಚಂಗಪ್ಪ ಒಂದು ಪೆನಾಲ್ಟಿ ಕಾರ್ನರನ್ನು
ನಿಧಾನ ಮಾಡಿ ತೋರಿಸಿದರು. ಚೆಂಡು
ಹುಲ್ಲಿನ ಇಬ್ಬನಿ ಚೆಲ್ಲುತ್ತಾ ಬಂದು ಗೋಲಿಯ ಪ್ಯಾಡಿಗೆ ತಾಗುವಷ್ಟರಲ್ಲಿ
ನನ್ನ ಕಾಫಿ ಅರ್ಧ ಮುಗಿದಿತ್ತು.
ಚೆಂದವೇ. ಆದರೆ ನಿಧಾನಕ್ಕೆ ನಾನು ದುಡ್ಡು ಕೊಡಬೇಕಿಲ್ಲ,
ನನ್ನದರಲ್ಲಿ ಎಲ್ಲವೂ ನಿಧಾನ.

ಹದಿನಾರು ಸಾವಿರ.
ಮೆಣಸಿನ ಲೆಕ್ಕದಲ್ಲಿ ಇಪ್ಪತ್ತೈದು ಕಿಲೋ.
ನನಗಿರುವುದು ಮನೆ ಹಿಂದಿನ ಮೂರು ಬಳ್ಳಿ.
ಗೋಡೌನಿನ ದೊಡ್ಡ ತಕ್ಕಡಿ ಮೇಲೆ ಮೊಯ್ದುವಿನದನ್ನೂ ನನ್ನದನ್ನೂ ಇಟ್ಟೆ.
ಎರಡಕ್ಕೂ ಸೊನ್ನೆ ತೋರಿಸಿತು.

ಹಣ್ಣು ಕುಯ್ಯುವ ಚೋಮಿಯನ್ನು ಕೇಳಬೇಕು ಅಂತ ಹೊಳೆದದ್ದು
ಎಲ್ಲರೂ ಮುಗಿದ ಮೇಲೆ. ನಾಚಿಕೆ ಅದು.
ಸೀಸನ್ನಿನ ದುಡ್ಡು ಎಣಿಸಿ ಕೊಟ್ಟು ತಂದವಳು, ಕಂತಿಲ್ಲ.
"ಬೆಳಿಗ್ಗೆ ಬೆರಳಿಟ್ಟರೆ ತೆರೀತದೆ.
ಸಾಯಂಕಾಲ, ಹಣ್ಣಿನ ಅಂಟು ಹತ್ತಿದ ಮೇಲೆ, ನೀನ್ಯಾರು ಅಂತದೆ.
ಗೆರೆ ಸವೆದು ಫೆಬ್ರವರಿಗೆ ಪರಿಚಯವೇ ಬಿಟ್ಟಿತು. ಈಗ ನಂಬರು ಒತ್ತೋದು."
ಮತ್ತೆ?
"ಟಾರ್ಚು ಒಳ್ಳೇದುಂಟು.
ಆನೆ ಮೆಸೇಜು ಆನೆಗಿಂತ ಮುಂಚೆ ಬರ್ತದೆ. ಒಂದು ಸಲ ಬರಲಿಲ್ಲ.
ಹಾಡು ಹಾಕಿ ಕುಯ್ದರೆ ಚೀಲ ಬೇಗ ತುಂಬಿದ ಹಾಗಾಗ್ತದೆ,
ನೋಡಿದರೆ ತುಂಬಿರೋದಿಲ್ಲ."

ಇಷ್ಟು ನೇರ ಔಟ್‌ಟರ್ನ್
ನೂರೆಕರೆಯವರ ಬಾಯಲ್ಲೂ ಕೇಳಿದವಳಲ್ಲ ನಾನು.

ಗೋಡೌನು ಮುಚ್ಚುವಾಗ ಕತ್ತಲಾಗಿತ್ತು.
ಹನ್ನೆರಡು ಪರ್ಸೆಂಟು ತೋರಿಸುತ್ತಲೇ ಆರಿತು ನನ್ನ ಫೋನು.
ಕಾಫಿಯಾಗಿದ್ದರೆ, ಇನ್ನೊಂದು ಬಿಸಿಲು ಕೊಟ್ಟು ತನ್ನಿ
ಅಂತ ವಾಪಸು ಕಳಿಸುತ್ತಿದ್ದೆ.
ಮುಂದೆ ಚೋಮಿ, ಹಿಂದೆ ನಾನು.
ತಿರುವಿನಲ್ಲಿ ನಿಂತು, ಬೆಳಕನ್ನು
ನನ್ನ ಚಪ್ಪಲಿಯ ಮುಂದಕ್ಕೆ ಹಿಡಿದಳು.
ಲದ್ದಿ. ಇನ್ನೂ ಹಬೆಯಾಡುತ್ತಿತ್ತು.

"ಯಾವ ಅಂಗಡಿ ಅಂದೆ?"
ಪಿಸುಗುಟ್ಟಿದೆ.