ಬೂದಿಯ ಕಾಲಂ

ಇಪ್ಪತ್ತಾರು ವರ್ಷ ನಾನು ತುಂಬಿದ ಲಾಗ್‌ಬುಕ್ಕಿನಲ್ಲಿ
ಐದು ಕಾಲಂ: ಹೊತ್ತು, ಒತ್ತಡ, ನೀರು, ಕಲ್ಲಿದ್ದಲು, ಬೂದಿ.
ಹೊಸ ಪರದೆಯ ಮೇಲೆ ನಾಲ್ಕೇ.
ಬೂದಿ ಎಲ್ಲಿ ಅಂದೆ.
ಇರೋದಿಲ್ಲ ಸರ್, ಅಂದ ಪುಣೆಯಿಂದ ಬಂದ ಹುಡುಗ.
ಅವನ ಅಂಗಿಯ ತೋಳು ಬೆಳ್ಳಗಿತ್ತು.

ಹಾಸನದ ಈ ನೂಲಿನ ಗಿರಣಿಗೆ
ಕರೆಂಟು ಕೊಡುತ್ತಿದ್ದದ್ದು ನಮ್ಮ ಮುದುಕಿ.
ಬಾಯ್ಲರಿಗೆ ನಾವಿಟ್ಟ ಹೆಸರು ಅದು.
ಹಸಿ ಕಲ್ಲಿದ್ದಲು ತಿಂದರೆ ಕೆಮ್ಮುತ್ತಿದ್ದಳು.
ಮೊಗಣ್ಣ ಬಾಗಿಲಿಗೆ ಕಿವಿಗೊಟ್ಟು
‘ಇವತ್ತು ಹೊಟ್ಟೆ ಸರಿಯಿಲ್ಲ ಇವಳಿಗೆ’ ಎನ್ನುತ್ತಿದ್ದ;
ಗೇಜಿನ ಮುಳ್ಳು ಅರ್ಧ ಗಂಟೆ ಬಿಟ್ಟು ಒಪ್ಪುತ್ತಿತ್ತು.

ರಾತ್ರಿ ಪಾಳಿ, ಡಿಸೆಂಬರ್.
ಮಂಜು ಗೇಟು ದಾಟಿ ಒಳಗೆ ಬರುವ ಹೊತ್ತಿಗೆ
ಬೂದಿಗುಂಡಿಯಲ್ಲಿ ಹೂತಿಟ್ಟ ಆಲೂಗೆಡ್ಡೆ
ಸಿಪ್ಪೆ ಬಿರಿದು ಹಬೆಯಾಡುತ್ತಿತ್ತು.
ಉಪ್ಪು ನನ್ನ ಡ್ರಾಯರಿನಲ್ಲಿ, ರಸೀದಿಗಳ ಪಕ್ಕ.
ಉಪ್ಪು ಇನ್ನೂ ಇದೆ.

ಸುಳ್ಳು ಹೇಳಲಾರೆ.
ಆಚೆ ಬೀದಿಯ ಮೆಹಬೂಬಿ ಇಷ್ಟು ವರ್ಷ ಶಾವಿಗೆಯನ್ನು
ಮನೆಯೊಳಗೆ, ಮಂಚದ ಮೇಲೆ ಒಣಗಿಸಿದವಳು.
ಮೂರು ಸಲ ಆಫೀಸಿಗೆ ಬಂದು ಮೇಜಿನ ಮೇಲೆ
ಕಪ್ಪಾದ ದುಪ್ಪಟಿ ಹರವಿ ನಿಂತಿದ್ದಳು.
ಮೂರು ಸಲವೂ ನಾನೇ ಬರೆದೆ: ಪರಿಶೀಲಿಸಲಾಗುವುದು.
ಮೊಗಣ್ಣನ ಎದೆಯ ಎಕ್ಸ್‌ರೇ ನೋಡಿದ ಡಾಕ್ಟರು
ದಿನಕ್ಕೆ ಬೀಡಿ ಎಷ್ಟು ಎಂದು ಕೇಳಿದರು.
ಬೀಡಿ ಮುಟ್ಟಿದವನೇ ಅಲ್ಲ ಅವನು.
ಆ ಕಾಲಂ ನಮ್ಮ ಪುಸ್ತಕದಲ್ಲೂ ಇರಲಿಲ್ಲ.

ಮುದುಕಿಯನ್ನು ಕತ್ತರಿಸಿದ್ದೂ ಗ್ಯಾಸಿನಿಂದಲೇ.
ಹನ್ನೊಂದು ಲಾರಿ, ತೂಕದ ಲೆಕ್ಕ.
ಹೊಸದು ಒಂದು ಕೋಣೆಯಷ್ಟಿದೆ, ನೀಲಿ ಬಣ್ಣ;
ಗುಂಡಿ ಒತ್ತಿದರೆ ಐದಾರು ನಿಮಿಷಕ್ಕೆ ಕರೆಂಟು.
ಮೊಗಣ್ಣ ಕಿವಿಗೊಟ್ಟ. ಒಂದೇ ಸ್ವರ.
‘ಇದಕ್ಕೆ ಹಸಿವೂ ಇಲ್ಲ, ಅಜೀರ್ಣವೂ ಇಲ್ಲ.’

ಗ್ಯಾಸಿಗೆ ಹುಟ್ಟಿನಿಂದ ವಾಸನೆಯಿಲ್ಲವಂತೆ;
ಸೋರಿದರೆ ತಿಳಿಯಲೆಂದು ಕೊಳೆತ ನಾತ ಬೆರೆಸುತ್ತಾರಂತೆ.
ಹುಡುಗ ವಿವರಿಸುತ್ತಿದ್ದ. ಮೊಗಣ್ಣ ನಡುವೆ ಬಾಯಿ ಹಾಕಿದ:
‘ಇದೂ ಉರಿಯೋದೇ ಅಲ್ವಾ ಸ್ವಾಮಿ,
ಉರಿದದ್ದು ಎಲ್ಲಿಗೆ ಹೋಗುತ್ತೆ?’
ಹುಡುಗ ಮೇಲೆ ತೋರಿಸಿದ. ಗಿಡ್ಡ ಚಿಮಣಿ,
ಅದರ ಬಾಯಲ್ಲಿ ಆಕಾಶ ಸ್ವಲ್ಪ ನಡುಗುತ್ತಿತ್ತು.
ಬರೆದುಕೊಳ್ಳುವಂಥದು ಏನೂ ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಮೆಹಬೂಬಿ ತಾರಸಿಯ ಮೇಲೆ
ಬಿಳಿ ಚಾದರ ಹಾಸಿ ಶಾವಿಗೆ ಹರವಿದ್ದಾಳೆ.
ನಂಬಿಕೆ ಸಾಲದೆ ಪಕ್ಕದಲ್ಲೇ ಕೂತಿದ್ದಾಳೆ, ಬಿಸಿಲಿಗೆ ಬೆನ್ನು ಕೊಟ್ಟು.
ಆಗಾಗ ಚಾದರದ ಅಂಚಿಗೆ ಬೆರಳು ಒತ್ತಿ
ಬೆರಳು ನೋಡಿಕೊಳ್ಳುತ್ತಾಳೆ.