ಬಿಸಿನೀರು

ಶಹಾಬಜಾರಿನ ಖಾನಾವಳ್ಯಾಗ
ಏಪ್ರಿಲ್ ತಿಂಗಳ ನಡುಮಧ್ಯಾಹ್ನ
ನಮ್ಮ ಸ್ನೇಹಲ ಬಿಸಿನೀರು ಕೇಳ್ತಾಳ.
ಮಾಣಿ ಮ್ಯಾಲ ಫ್ಯಾನ್ ನೋಡ್ತಾನ,
ಹೊರಗ ಬಿಸಲ ನೋಡ್ತಾನ,
ಕಡಿಗಿ ನನ್ನ ಮಾರಿ ನೋಡ್ತಾನ:
"ಕೂಸಿಗಿ ಜ್ವರ ಬಂದಾವೇನ್ರಿ ಅಕ್ಕಾ?"

ಜ್ವರ ಅಲ್ಲಪ್ಪಾ. ಆರು ವರ್ಷ.

ಹೆಫೈ ಅಂತ ಊರು, ಚೀನಾದಾಗ.
ಸಿಮೆಂಟ್ ಗೂಡಿನ ಯಂತ್ರ ಹಡಿಯೋ ಫ್ಯಾಕ್ಟರಿ,
ಅವು ಹಡಗ ಹತ್ತೋ ಮುಂಚೆ ತಟ್ಟಿ ನೋಡೋದು
ನಮ್ಮ ಮನ್ಯಾಗಿನವರ ಕೆಲಸ.
ಅಲ್ಲಿ ಹೊಟ್ಟಿನೋವಿಗಿ ಬಿಸಿನೀರು, ಬಾಣಂತಿಗಿ ಬಿಸಿನೀರು,
ರೈಲಿನ ಡಬ್ಬಿಗೊಂದು ಬಿಸಿನೀರಿನ ನಲ್ಲಿ,
ಗಂಡ ಹೆಂಡಿ ಜಗಳಾಡಿದ್ರ ಅದಕ್ಕೂ ಬಿಸಿನೀರೇ.
ಮೊದಮೊದಲು ನಕ್ಕೆ.
ಎರಡನೇ ಚಳಿಗಾಲಕ್ಕ ನನ್ನ ಚೀಲದಾಗೂ ಥರ್ಮಾಸ್.

ಹನ್ನೊಂದನೇ ಮಾಳಿಗಿ. ಮುಂಜಾನಿ ಆರಕ್ಕ
ನಾ ರೊಟ್ಟಿ ಬಡದ್ರ
ಕೆಳಗಿನ ಮನಿ ಮುದುಕಿ, ಝೌ ನೈನೈ,
ಮ್ಯಾಲ ಬಂದು ಬಾಗಲ ಬಡದಳು.
ನನಗ ಭಾಷಾ ಇಲ್ಲ, ಅಕಿಗಿ ರೊಟ್ಟಿ ಗೊತ್ತಿಲ್ಲ.
ಕೈ ಹಿಡದು ಕರದು ಹಂಚಿನ ಮುಂದ ನಿಂದ್ರಿಸಿದೆ.
ಹಿಟ್ಟು ಮೂಸಿದಳು. "ಗಾವ್‌ಲ್ಯಾಂಗ್" ಅಂದಳು.
ಜ್ವಾಳಕ್ಕ ಅಲ್ಲಿ ಆ ಹೆಸರು.
ಅದರಾಗ ಸೆರಿ ಇಳಸ್ತಾರ, ಈಗ ಉಣ್ಣೋರು ಕಡಿಮಿ.
ಉಬ್ಬಿದ್ದು ಮುರದು ಕೊಟ್ಟೆ. ತಿಂದಳು, ಸುಮ್ಮಾದಳು.
ಐದು ವರ್ಷದ ಸ್ನೇಹಲ, ನಮ್ಮ ಮನಿ ದುಭಾಷಿ,
ನನ್ನ ಕಿವ್ಯಾಗ ಹೇಳಿದಳು:
"ಅವ್ವಾ, ಅಜ್ಜಿ ಸಣ್ಣಾಕಿದ್ದಾಗ, ಅನ್ನ ಇಲ್ಲದ ವರ್ಷ,
ಬರೇ ಇದೇ ತಿಂದಿದ್ಳಂತ.
ಮತ್ತ ಮುಟ್ಟಲ್ಲಂತ ಆಣಿ ಮಾಡಿದ್ಳಂತ."
ಆಣಿ ಮುರದಿತ್ತು.
ಇನ್ನರ್ಧ ಕೇಳಿದಳು.

ಎಳ್ಳ ಅಮಾಸಿಗಿ ಹೊಲ ಎಲ್ಲಿಂದ ತರೋದು?
ಭಜ್ಜಿ, ಸಜ್ಜಿ ಕಡಬು ಡಬ್ಬ್ಯಾಗ ಕಟಗೊಂಡು
ಡ್ಯೂಟಿ ಮುಗದ ಮ್ಯಾಲ ಕತ್ತಲದಾಗ
ಅಪಾರ್ಟ್‌ಮೆಂಟಿನ ಹೂವಿನ ಮಡಿಗಿ ಚರಗ ಚೆಲ್ಲಿದೆವು.
ಕಾವಲಿನ ಲಾವ್ ಸುನ್ ಟಾರ್ಚ್ ಹಿಡಕೊಂಡು ಓಡಿ ಬಂದ.
ಕಸ ಒಗದೀವಿ ಅಂದ್ಕೊಂಡಿದ್ದ.
ಇವರು ಫೋನಿಗಿ ಕನ್ನಡ ಹೇಳಿದ್ರು,
ಫೋನು ಅಂವಗ ಚೀನಿ ಹೇಳ್ತು.
ಏನು ಹೇಳ್ತೋ ಏನೋ. ಟೊಪಗಿ ತಗದ.

ಅವರ ವರ್ಷದ ಹಬ್ಬಕ್ಕ ಊರಿಗಿ ಊರೇ ಖಾಲಿ.
ಕೋತಂಬ್ರಿ ಮಾರಾಕಿ ಸೈತ ಕೀಲಿ ಹಾಕಿ ತನ್ನ ಹಳ್ಳಿಗಿ.
ಮನಿಗಿ ಹೋಗದವರು ನಾವು ಮೂವರು,
ಮತ್ತ ಲಾವ್ ಸುನ್.
ಲಿಫ್ಟು, ಬೀದಿದೀಪ, ಹಿಮ, ಎಲ್ಲಾ ನಮ್ಮದೇ.
ಚೈತ್ರದಾಗ ಒಂದು ಸಂಜಿ
ನಾಕು ದಾರಿ ಕೂಡೋ ಕಡಿ ಅಂವ
ಬಳಪದಿಂದ ನೆಲಕ್ಕ ಬಳಿ ಬರದು
ಅದರೊಳಗ ಕಾಗದದ ರೊಕ್ಕ ಸುಡ್ಲತ್ತಿದ್ದ.
ಯಾರಿಗಿ ಅಂತ ನಾವು ಕೇಳಲಿಲ್ಲ.
ಇವರು ಚಪ್ಪಲ್ ಬಿಟ್ಟು ನಿಂತರು.

ಈಗ ಕಲಬುರಗಿ. ನಮ್ಮ ಓಣಿ, ನಮ್ಮ ಮಾತು.
ಶಾಲ್ಯಾಗ ಸ್ನೇಹಲಗ "ಚೀನಿ" ಅಂತಾರ.
ಚಿಗವ್ವ ಬೇವು ಕೊಟ್ರ ಎರಡೂ ಕೈಲಿ ತಗೊಂಡು
ಕೆಂಪು ಲಕೋಟಿ ಎಲ್ಲಿ ಅಂತ ಕೇಳಿದಳು.
ಹಬ್ಬದ ಮನಿ ತುಂಬ ನಗು.
ಅಕಿನೂ ನಕ್ಕಳು, ಯಾಕಂತ ತಿಳೀಲಿಲ್ಲ ಅಕಿಗಿ.
ಆ ರಾತ್ರಿ ನಿದ್ದಿಗಣ್ಣಾಗ ಏನೋ ಮಾತಾಡಿದಳು,
ಯಾವ ಭಾಷಾದಾಗ ಅಂತ ನಾ ಇವರಿಗಿ ಹೇಳಿಲ್ಲ.

ಮುಂಜಾನಿ ರೊಟ್ಟಿ ಬಡೀತೀನಿ.
ಓಣಿ ತುಂಬ ಎಲ್ಲರೂ ಬಡೀತಾರ,
ಯಾರೂ ಯಾರ ಬಾಗಲಾ ಬಡಿಯಲ್ಲ.
ಕೆಳಗ ಮನಿ ಇಲ್ಲ, ಶಹಾಬಾದ್ ಪರಸಿ.
ಒಮ್ಮೊಮ್ಮಿ ಅಂಗೈ ಮ್ಯಾಲೇ ನಿಂದ್ರಿಸಿ
ಕಿವಿ ಕೊಡ್ತೀನಿ,
ಹಂಚಿನ ಮ್ಯಾಲಿಂದು
ಹೊತ್ತೋವಷ್ಟು ಹೊತ್ತು.